ಮೌನವೂ ಕೇಳಿಸಬೇಕು



ಹೊಲದಲ್ಲಿ ಬೋರ್‌ವೆಲ್ ಇರುವ ಮನೆಗಳಲ್ಲಿ ಮೊಬೈಲ್ ಸ್ಟಾರ್ಟರ್ ಗೊತ್ತಿಲ್ಲದವರು ಈಗ ಕಡಿಮೆ. ಮೋಟರಿನ ಡಬ್ಬಿಯೊಳಗೆ ಒಂದು ಸಿಮ್ ಕಾರ್ಡ್ ಕೂತಿರುತ್ತದೆ. ನಡುರಾತ್ರಿ ತ್ರೀ ಫೇಸ್ ಕರೆಂಟ್ ಬಂದರೆ ಬ್ಯಾಟರಿ ಹಿಡಿದು, ಹಾವು ಚೇಳಿಗೆ ಅಂಜುತ್ತ ಹೊಲಕ್ಕೆ ಹೋಗಬೇಕಿಲ್ಲ. ಮಲಗಿದಲ್ಲಿಂದಲೇ ಮೋಟರಿಗೆ ಫೋನ್ ಹಚ್ಚಿದರೆ ಆಯಿತು, ಅದು ಚಾಲೂ ಆಗುತ್ತದೆ.

ಒಂದು ರಾತ್ರಿ ಆ ಫೋನ್ ಹತ್ತುವುದಿಲ್ಲ ಅಂತ ಇಟ್ಟುಕೊಳ್ಳಿ. ಮೋಟರ್ ಓಡುತ್ತಿದೆಯೋ, ನಿಂತಿದೆಯೋ ಮನೆಯಲ್ಲಿದ್ದವರಿಗೆ ತಿಳಿಯದು. ಬೋರಿನಲ್ಲಿ ನೀರು ಇಳಿದು ಮೋಟರ್ ಬರಿದೇ ಓಡಿ ಸುಟ್ಟರೆ? ಒಳ್ಳೆಯ ಸ್ಟಾರ್ಟರ್ ಆಗಿದ್ದರೆ ಹಾಗೆ ಆಗುವುದಿಲ್ಲ. ನೀರಿಲ್ಲದೆ ಓಡುವ ಮೋಟರನ್ನು ಸ್ಟಾರ್ಟರೇ ಗುರುತಿಸಿ ನಿಲ್ಲಿಸುತ್ತದೆ. ಅದಕ್ಕೆ ಫೋನಿನ ಅಪ್ಪಣೆ ಬೇಕಿಲ್ಲ. ಅಪ್ಪಣೆ ದೂರದಿಂದ ಬರಬಹುದು, ಕಾವಲು ಮಾತ್ರ ಮೋಟರಿನ ಪಕ್ಕದಲ್ಲೇ ಇದೆ.

ಈ ಹೊತ್ತು ನಾನು ಆಡಬೇಕೆಂದಿರುವ ಮಾತೆಲ್ಲ ಈ ಸ್ಟಾರ್ಟರಿನಲ್ಲೇ ಅಡಗಿದೆ. ಯಂತ್ರಗಳ ಪಕ್ಕದಲ್ಲಿ ಕೂತ ಸಣ್ಣ ಕಂಟ್ರೋಲರುಗಳನ್ನು ಒಂದು ತಂತಿಗೆ ಪೋಣಿಸಿ, ಆ ತಂತಿಯನ್ನು ಇಡೀ ಕಾರ್ಖಾನೆಯ ನಿಯಂತ್ರಣ ಜಾಲಕ್ಕೆ ಜೋಡಿಸುವುದು ನನ್ನ ಕಸುಬು. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ಸುತ್ತ ಈ ಕೆಲಸಕ್ಕೆ ಬೇಡಿಕೆ ಬೆಳೆಯುತ್ತಿದೆ. ಮಾಲೀಕರು ಕೇಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ: ಎಲ್ಲವೂ ಒಂದೇ ಪರದೆಯ ಮೇಲೆ ಕಾಣುತ್ತದೆಯೇ? ಕಾಣುತ್ತದೆ. ಆದರೆ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಮಾತು ನಿಂತಾಗ ನಮಗೆ ಹೇಗೆ ತಿಳಿಯುತ್ತದೆ? ಆ ಹೊತ್ತಿನಲ್ಲಿ ಯಂತ್ರ ಏನು ಮಾಡಬೇಕು?

ನಮ್ಮ ಸೀಮೆಯ ಯಂತ್ರಗಳನ್ನೇ ನೋಡೋಣ. ಬ್ಯಾಡಗಿ ಪೇಟೆಗೆ ಸೋಮವಾರ, ಗುರುವಾರ ಬಂದರೆ ಕಣ್ಣು ಹಾಯುವಷ್ಟು ದೂರ ಕೆಂಪು. ಡಬ್ಬಿ, ಕಡ್ಡಿ ಎಂಬ ಎರಡು ಬಗೆಯ ಸುಕ್ಕುಗಟ್ಟಿದ ಮೆಣಸಿನಕಾಯಿ. ಖಾರ ಕಡಿಮೆ, ಬಣ್ಣ ಹೆಚ್ಚು. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚ್ಯಂಕದ ಮನ್ನಣೆ ಸಿಕ್ಕಿತು. ಇದರಿಂದ ತೆಗೆಯುವ ಓಲಿಯೊರೆಸಿನ್ ಎಂಬ ಕೆಂಪು ಸತ್ವ ಅಡುಗೆಗೂ ಹೋಗುತ್ತದೆ, ತುಟಿಗೆ ಹಚ್ಚುವ ಬಣ್ಣಕ್ಕೂ ಹೋಗುತ್ತದೆ. ಬೆಲೆ ನಿಂತಿರುವುದೇ ಬಣ್ಣದ ಮೇಲೆ. ಬಿಸಿ, ಬೆಳಕು, ತೇವ ಮೂರೂ ಆ ಬಣ್ಣಕ್ಕೆ ವೈರಿಗಳು. ಅದಕ್ಕೇ ಊರ ಸುತ್ತ ಕೋಲ್ಡ್ ಸ್ಟೋರೇಜುಗಳು ಎದ್ದಿವೆ. ಬೆಲೆ ಬಿದ್ದಾಗ ರೈತ ಚೀಲಗಳನ್ನು ಅಲ್ಲಿಟ್ಟು ಒಳ್ಳೆಯ ದರಕ್ಕೆ ಕಾಯುತ್ತಾನೆ. ಒಂದೊಂದು ಚೇಂಬರಿನಲ್ಲಿ ಸಾವಿರಾರು ಚೀಲ. ಚೇಂಬರಿಗೆ ಒಂದರಂತೆ ಕಂಟ್ರೋಲರ್. ತಂಪು ನೋಡುವುದು, ಫ್ಯಾನ್ ಓಡಿಸುವುದು, ಬಾಗಿಲು ತೆರೆದಿದ್ದರೆ ಹೇಳುವುದು ಅದರ ಕೆಲಸ.

ರಾಣೇಬೆನ್ನೂರಿನ ಕಡೆ ಬೀಜ ಸಂಸ್ಕರಣೆಯ ಘಟಕಗಳಿವೆ, ಹತ್ತಿಯ ಜಿನ್ನಿಂಗ್ ಮಿಲ್ಲುಗಳಿವೆ. ಹಸಿ ಬೀಜ ಒಣಗಿಸುವ ಬಿಸಿಗಾಳಿ ಸುಮಾರು 40 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೊಳಕೆಯ ಶಕ್ತಿಗೇ ಕುತ್ತು. ಹೊರಗಿನಿಂದ ಬೀಜ ಚೆನ್ನಾಗಿಯೇ ಕಾಣುತ್ತದೆ, ಬಿತ್ತಿದ ಮೇಲೆ ರೈತನಿಗೆ ಗೊತ್ತಾಗುತ್ತದೆ. ಇದೇ ತಾಲ್ಲೂಕಿನ ಕುಮಾರಪಟ್ಟಣಂನಲ್ಲಿ, ತುಂಗಭದ್ರೆಯ ದಂಡೆಯ ಮೇಲೆ, 1970ರ ದಶಕದಿಂದ ಮರದ ತಿರುಳು ಮತ್ತು ಕೃತಕ ನಾರಿನ ದೊಡ್ಡ ಕಾರ್ಖಾನೆಗಳು ನಡೆದಿವೆ. ಆ ಪ್ರಮಾಣದ ಕಾರ್ಖಾನೆ ಎಂದರೆ ಸಾವಿರಾರು ಸೆನ್ಸರು, ವಾಲ್ವು, ಮೋಟರುಗಳ ಲೆಕ್ಕ. ಇನ್ನು ಹಾವೇರಿ, ರಾಣೇಬೆನ್ನೂರು ಪಟ್ಟಣಗಳು ಕುಡಿಯುವುದು ತುಂಗಭದ್ರೆಯ ನೀರು. ಪಂಪು ಹೊಳೆಯ ದಂಡೆಯಲ್ಲಿ, ಟ್ಯಾಂಕು ಊರಿನಲ್ಲಿ. ಟ್ಯಾಂಕ್ ತುಂಬಿದ ಸುದ್ದಿ ಪಂಪಿಗೆ ಮುಟ್ಟಬೇಕು.

ಯಂತ್ರಗಳ ಈ ಮಾತುಕತೆ ಶುರುವಾದದ್ದು ಹೇಗೆ? ಮೊದಲು ಎಲ್ಲವೂ ರಿಲೇ ಎಂಬ ವಿದ್ಯುತ್ ಸ್ವಿಚ್ಚುಗಳ ಕೆಲಸ. ಗೋಡೆಯಗಲದ ಪ್ಯಾನೆಲ್ ಬೋರ್ಡು, ಅದರ ಹಿಂದೆ ಬಿದಿರುಮೆಳೆಯಂಥ ವೈರು. ಒಂದು ಬದಲಾವಣೆ ಬೇಕೆಂದರೆ ವೈರು ಕಿತ್ತು ಮತ್ತೆ ಕಟ್ಟಬೇಕು. 1968ರಲ್ಲಿ ಅಮೆರಿಕದ ಡಿಕ್ ಮಾರ್ಲಿ ಮತ್ತು ಅವರ ಜೊತೆಗಾರರು ಆ ರಿಲೇಗಳ ತರ್ಕವನ್ನೇ ಪ್ರೋಗ್ರಾಂ ಆಗಿ ಬರೆಯಬಹುದಾದ ಪೆಟ್ಟಿಗೆಯೊಂದನ್ನು ಕಲ್ಪಿಸಿದರು. ಅವರ ಸಂಸ್ಥೆಯ 84ನೆಯ ಯೋಜನೆಯಾದ್ದರಿಂದ ಅದಕ್ಕೆ ಮೋಡಿಕಾನ್ 084 ಎಂದು ಹೆಸರು. ಇವತ್ತು ನಮ್ಮ ಹುಡುಗರು ಪಿಎಲ್‌ಸಿ ಎಂದು ಕರೆಯುವ ಪೆಟ್ಟಿಗೆಯ ಮೂಲ ಇದು. 1979ರಲ್ಲಿ ಅದೇ ಮೋಡಿಕಾನ್ ಇಂಥ ಪೆಟ್ಟಿಗೆಗಳು ತಮ್ಮತಮ್ಮಲ್ಲಿ ಮಾತಾಡಲು ಮಾಡ್‌ಬಸ್ ಎಂಬ ಸರಳ ಭಾಷೆಯನ್ನು ಹೊರತಂದಿತು. ಮುಂದೆ ಪ್ರೊಫಿಬಸ್ ಬಂತು, 1990ರ ದಶಕದಲ್ಲಿ ಡಿವೈಸ್‌ನೆಟ್ ಮತ್ತು ಕಂಟ್ರೋಲ್‌ನೆಟ್ ಬಂದವು, ಆಮೇಲೆ ಈಥರ್‌ನೆಟ್ ಕೇಬಲ್ಲೇ ಕಾರ್ಖಾನೆಯೊಳಗೆ ಕಾಲಿಟ್ಟಿತು. ಆದರೂ ನಮ್ಮ ಸಣ್ಣ ಘಟಕಗಳಲ್ಲಿ ಇಂದಿಗೂ ಹೆಚ್ಚಾಗಿ ಸಿಗುವುದು ಆ ಹಳೆಯ ಮಾಡ್‌ಬಸ್ಸೇ.

ಈ ಜಾಲಗಳೆಲ್ಲ ಬರುವ ಮೊದಲಿನ ಒಂದು ಜಾಣತನವನ್ನು ನೀವು ಕೇಳಲೇಬೇಕು. ಒಂದು ಸೆನ್ಸರ್ ತನ್ನ ಅಳತೆಯನ್ನು ಎರಡೆಳೆ ತಂತಿಯಲ್ಲಿ ವಿದ್ಯುತ್ತಾಗಿ ಕಳಿಸುತ್ತದೆ. ಸೊನ್ನೆ ಡಿಗ್ರಿಯಿಂದ ನೂರು ಡಿಗ್ರಿಯವರೆಗೆ ಅಳೆಯಬೇಕಿದ್ದರೆ ಸೊನ್ನೆಗೆ ಸೊನ್ನೆ ವಿದ್ಯುತ್ತು ಇಟ್ಟುಕೊಳ್ಳುವುದು ಸಹಜ ಅನ್ನಿಸುತ್ತದೆ. ಹಿರಿಯ ಇಂಜಿನಿಯರುಗಳು ಹಾಗೆ ಮಾಡಲಿಲ್ಲ. ಸೊನ್ನೆ ಡಿಗ್ರಿಗೆ 4 ಮಿಲಿ ಆಂಪಿಯರ್, ನೂರು ಡಿಗ್ರಿಗೆ 20 ಮಿಲಿ ಆಂಪಿಯರ್ ಎಂದು ಗೊತ್ತುಮಾಡಿದರು. ಐವತ್ತು ಡಿಗ್ರಿಗೆ 12. ಹಾಗಾದರೆ ತಂತಿಯಲ್ಲಿ ಏನೂ ಹರಿಯದೇ ಇದ್ದರೆ? ಅದು ಸೊನ್ನೆ ಡಿಗ್ರಿ ಅಲ್ಲ, ತಂತಿ ಕಡಿದಿದೆ ಎಂದು ಅರ್ಥ. ಸೊನ್ನೆ ಎಂಬ ಉತ್ತರವನ್ನೂ ಉತ್ತರವೇ ಇಲ್ಲ ಎಂಬ ಸ್ಥಿತಿಯನ್ನೂ ಅವರು ಬೇರೆ ಬೇರೆ ಮಾಡಿದರು. ಈ ಕಸುಬಿನಲ್ಲಿ ನಾನು ಕಲಿತ ಅತ್ಯಂತ ದೊಡ್ಡ ಪಾಠ ಈ 4 ಮಿಲಿ ಆಂಪಿಯರಿನದು. ಅದನ್ನು ಓದಿ ತಿಳಿದಿದ್ದೆ. ಅದರ ಬೆಲೆ ಗೊತ್ತಾದದ್ದು ಒಂದು ಚಳಿಗಾಲದ ಬೆಳಗಿನಲ್ಲಿ. ಅದಕ್ಕೆ ಬರುತ್ತೇನೆ.

ಅದಕ್ಕೆ ಮೊದಲು ಕಂಟ್ರೋಲರುಗಳ ಸಂಭಾಷಣೆ ಹೇಗೆ ನಡೆಯುತ್ತದೆ ಎಂಬುದನ್ನು ಹೇಳಿಬಿಡುತ್ತೇನೆ. ಹೊಲಗಳಿಗೆ ನೀರು ಬಿಡುವಾಗ ನಾವು ಪಾಳಿ ಎನ್ನುತ್ತೇವಲ್ಲ, ಇಲ್ಲಿಯೂ ಪಾಳಿಯೇ. ಹೆಣೆದ ಎರಡೆಳೆ ತಂತಿಯೊಂದು ಕಂಟ್ರೋಲರಿನಿಂದ ಕಂಟ್ರೋಲರಿಗೆ ಸಾಗುತ್ತದೆ. ಆರ್‌ಎಸ್-485 ಎಂಬ ಈ ಏರ್ಪಾಟಿನಲ್ಲಿ ತಂತಿ 1200 ಮೀಟರಿನವರೆಗೆ ಹೋಗಬಹುದು. ಎರಡು ತುದಿಗಳಲ್ಲೂ 120 ಓಮಿನ ಒಂದೊಂದು ರೆಸಿಸ್ಟರ್ ಕಟ್ಟಬೇಕು. ಕಟ್ಟದಿದ್ದರೆ ಬಾವಿಯಲ್ಲಿ ಕೂಗಿದ ಹಾಗೆ ಮಾತು ಮರುದನಿಸಿ ಕಲಸಿಹೋಗುತ್ತದೆ. ಮೋಟರಿನ ಪವರ್ ಕೇಬಲ್ಲಿನ ಜೊತೆ ಒಂದೇ ಟ್ರೇಯಲ್ಲಿ ಇದನ್ನು ಎಳೆದರೂ ಮಾತು ಕೆಡುತ್ತದೆ.

ತಂತಿಯ ಒಡೆಯ ಒಬ್ಬ. ಅವನು ಒಂದನೆಯ ಕಂಟ್ರೋಲರನ್ನು ಕೇಳುತ್ತಾನೆ: ನಿನ್ನ ತಂಪು ಎಷ್ಟು? ಅದು ಹೇಳುತ್ತದೆ. ಆಮೇಲೆ ಎರಡನೆಯದು, ಮೂರನೆಯದು. ಕೇಳದೆ ಯಾರೂ ಬಾಯಿ ತೆರೆಯುವಂತಿಲ್ಲ. ಇಪ್ಪತ್ತು ಕಂಟ್ರೋಲರಿನ ಒಂದು ಸುತ್ತಿಗೆ ಸೆಕೆಂಡಿನಷ್ಟು ಹೊತ್ತು ಹಿಡಿದೀತು. ಅವುಗಳಲ್ಲಿ ಒಂದು ಸತ್ತಿದ್ದರೆ ಒಡೆಯ ಅದರ ಮುಂದೆ ನಿಂತು ಕಾಯುತ್ತಾನೆ, ಮತ್ತೆ ಕೇಳುತ್ತಾನೆ, ಮತ್ತೆ ಕಾಯುತ್ತಾನೆ. ಅಷ್ಟರಲ್ಲಿ ಉಳಿದ ಹತ್ತೊಂಬತ್ತರ ಪಾಳಿ ತಡವಾಗುತ್ತದೆ. ಎಷ್ಟು ಹೊತ್ತು ಕಾಯಬೇಕು, ಎಷ್ಟು ಸಲ ಕೇಳಬೇಕು ಎಂಬುದನ್ನು ಲೆಕ್ಕ ಹಾಕಿ ಗೊತ್ತುಮಾಡುವುದು ಜೋಡಿಸುವವನ ಕೆಲಸ.

ಈ ಕಡೆ ನಿಧಾನವಾಗಿ ಮಾತಾಡುವ ಸಾಧನಗಳ ಜಾಲ. ಆ ಕಡೆ ವೇಗವಾಗಿ ಮಾತಾಡುವ ಕಾರ್ಖಾನೆಯ ನಿಯಂತ್ರಣ ಜಾಲ. ಕಂಟ್ರೋಲ್ ರೂಮಿನ ಪರದೆ, ಮುಖ್ಯ ಪಿಎಲ್‌ಸಿ, ದಾಖಲೆ ಇಡುವ ಕಂಪ್ಯೂಟರ್ ಎಲ್ಲ ಅಲ್ಲಿವೆ. ಎರಡರ ನಡುವೆ ಕೂತು ಅನುವಾದ ಮಾಡುವ ಪೆಟ್ಟಿಗೆಗೆ ಗೇಟ್‌ವೇ ಎಂದು ಹೆಸರು. ಅನುವಾದದಲ್ಲಿ ಶಬ್ದ ಸರಿಯಿದ್ದರೆ ಸಾಲದು, ಅರ್ಥವೂ ದಾಟಬೇಕು. ಮಾಡ್‌ಬಸ್ಸಿನಲ್ಲಿ ರಿಜಿಸ್ಟರ್ ಎಂಬ ಒಂದು ಮನೆಯೊಳಗೆ 0ಯಿಂದ 65535ರವರೆಗಿನ ಸಂಖ್ಯೆ ಹಿಡಿಯುತ್ತದೆ. ದಶಾಂಶದ ಚುಕ್ಕೆಗೆ ಜಾಗವಿಲ್ಲ. 6.2 ಡಿಗ್ರಿಯನ್ನು 62 ಎಂದು ಕಳಿಸಿ, ಆ ಕಡೆ ಹತ್ತರಿಂದ ಭಾಗಿಸಬೇಕು. ಸೊನ್ನೆಗಿಂತ ಕೆಳಗೆ ಎರಡು ಡಿಗ್ರಿ ಆದರೆ? ಅದು 65516 ಎಂದು ಸಾಗುತ್ತದೆ. ಇದು ಋಣಸಂಖ್ಯೆ ಎಂದು ಆ ಕಡೆಯವರಿಗೆ ಹೇಳಿಲ್ಲದಿದ್ದರೆ ಪರದೆಯ ಮೇಲೆ 6551.6 ಡಿಗ್ರಿ ಎಂದು ಮೂಡುತ್ತದೆ. ಇಂಥ ತಪ್ಪು ಕಣ್ಣಿಗೆ ಹೊಡೆಯುತ್ತದೆ, ಆ ದಿನವೇ ತಿದ್ದಿಕೊಳ್ಳಬಹುದು. ನಂಬುವ ಹಾಗೆ ಕಾಣುವ ತಪ್ಪು ಹಾಗಲ್ಲ.

ಈಗ ಆ ಬೆಳಗಿನ ಮಾತು. ಬ್ಯಾಡಗಿಯ ಕಡೆ ಒಂದು ಕೋಲ್ಡ್ ಸ್ಟೋರೇಜಿನ ಚೇಂಬರುಗಳನ್ನೆಲ್ಲ ನಾನು ಒಂದೇ ಪರದೆಗೆ ಜೋಡಿಸಿಕೊಟ್ಟಿದ್ದೆ. ಮಾಲೀಕರಿಗೆ ಸಂತೋಷವಾಗಿತ್ತು. ಹಳೆಯ ಪದ್ಧತಿಯಂತೆ ತಾಸಿಗೊಮ್ಮೆ ಚೇಂಬರಿನಿಂದ ಚೇಂಬರಿಗೆ ಹೋಗಿ ಥರ್ಮಾಮೀಟರ್ ನೋಡಿ ಪುಸ್ತಕದಲ್ಲಿ ಬರೆಯುವುದನ್ನು ಬಿಟ್ಟಿದ್ದರು. ಒಂದು ದಿನ ನಸುಕಿನಲ್ಲೇ ಅಲ್ಲಿನ ಹಿರಿಯ ಆಪರೇಟರರ ಫೋನ್ ಬಂತು. “ಸಾಹೇಬ್ರ, ಮೂರನೇ ಚೇಂಬರ್ ನಂಬರ್ ರಾತ್ರಿಯಿಂದ ಅಲಗಾಡವಲ್ದ್ರೀ. ಚೇಂಬರ್ ಅಂದ್ರ ಉಸಿರಾಡತೈತಿ, ಐದೂ ಎಂಟು, ಆರೂ ಆರು, ಹಿಂಗ ಏರಿ ಇಳಿತಿರ್ತೈತಿ. ಇದು ಆರೂ ಎರಡಕ್ಕ ನಿಂತು ಬಿಟ್ಟೈತಿ. ಒಳಗ ಹೋಗಿ ನೋಡಿದ್ರ ಹದಿನಾಲ್ಕೈತ್ರೀ.”

ನಾನು ಓಡಿದೆ. ಆದದ್ದು ಇಷ್ಟು. ಮೂರನೆಯ ಚೇಂಬರಿನ ಕಂಟ್ರೋಲರಿಗೆ ಹೋಗುವ ತಂತಿ ಸಡಿಲಾಗಿ ಸಂಜೆಯೇ ಮಾತು ನಿಂತಿತ್ತು. ಗೇಟ್‌ವೇ ತನ್ನ ನೆನಪಿನಲ್ಲಿ ಕೊನೆಯ ಸಂಖ್ಯೆಯನ್ನು, 6.2 ಅನ್ನು, ಹಾಗೇ ಇಟ್ಟುಕೊಂಡಿತ್ತು. ಕಂಟ್ರೋಲ್ ರೂಮು ಕೇಳಿದಾಗಲೆಲ್ಲ ಅದನ್ನೇ ಕೊಟ್ಟಿತ್ತು. ಗೇಟ್‌ವೇಗೂ ಕಂಟ್ರೋಲ್ ರೂಮಿಗೂ ನಡುವಿನ ಕೇಬಲ್ ಗಟ್ಟಿಯಾಗಿದ್ದುದರಿಂದ ಪರದೆಯ ಮೇಲೆ ಸಂಪರ್ಕ ಸರಿಯಿದೆ ಎಂಬ ಹಸಿರು ದೀಪವೂ ಉರಿಯುತ್ತಿತ್ತು. ನಡುರಾತ್ರಿ ಆ ಚೇಂಬರಿನ ಫ್ಯಾನ್ ಮೋಟರ್ ಓವರ್‌ಲೋಡಿನಿಂದ ಟ್ರಿಪ್ ಆಯಿತು. ಕಂಟ್ರೋಲರ್ ಎಚ್ಚರಿಕೆ ಕೊಟ್ಟಿತು. ಆ ಎಚ್ಚರಿಕೆ ಹೋಗಬೇಕಾದದ್ದು ಅದೇ ಕಡಿದ ತಂತಿಯಲ್ಲಿ.

ಮೆಣಸಿನಕಾಯಿ ಉಳಿಯಿತು. ಕೆಲವು ತಾಸಿನ ಬಿಸಿಗೆ ಬಣ್ಣ ಹೋಗುವುದಿಲ್ಲ, ಫ್ಯಾನ್ ಚಾಲೂ ಮಾಡಿ ನಿಧಾನವಾಗಿ ತಂಪು ಮಾಡಿದೆವು. ಆ ಹಿರಿಯರು ನಿಂತ ಸಂಖ್ಯೆಯನ್ನು ಅನುಮಾನಿಸದೇ ಇದ್ದಿದ್ದರೆ, ಅದು ಇನ್ನೂ ಎರಡು ಮೂರು ದಿನ ಹಾಗೇ ಹೋಗಿದ್ದರೆ, ಎಷ್ಟೋ ಮನೆಗಳ ವರ್ಷದ ದುಡಿಮೆ ಆ ಚೀಲಗಳಲ್ಲಿ ಮಂಕಾಗುತ್ತಿತ್ತು. ತಪ್ಪು ನನ್ನದೇ. ಹಿರಿಯ ಇಂಜಿನಿಯರುಗಳು 4 ಮಿಲಿ ಆಂಪಿಯರಿನಲ್ಲಿ ಕಾಪಾಡಿಟ್ಟ ಸತ್ಯವನ್ನು ನನ್ನ ಹೊಸ ಜಾಲ ಅಳಿಸಿಹಾಕಿತ್ತು. ಹಳೆಯ ತಂತಿ ಕಡಿದರೆ ಕಡಿದೆ ಎನ್ನುತ್ತಿತ್ತು. ನನ್ನ ತಂತಿ ಕಡಿದು, ನಿನ್ನೆಯ ಮಾತನ್ನು ಇವತ್ತಿನದೆಂದು ಹೇಳಿತು.

ಅಂದಿನಿಂದ ನಾನು ಮಾಡುವ ಪ್ರತಿಯೊಂದು ಜೋಡಣೆಯಲ್ಲೂ ನಾಡಿ ಇರುತ್ತದೆ. ಪ್ರತಿ ಕಂಟ್ರೋಲರೂ ತನ್ನ ಅಳತೆಗಳ ಜೊತೆ ಒಂದು ಎಣಿಕೆಯನ್ನು ಕಳಿಸುತ್ತದೆ. ಸೆಕೆಂಡಿಗೊಮ್ಮೆ ಅದು ಒಂದು ಹೆಚ್ಚಾಗುತ್ತದೆ. ಹತ್ತು ಸೆಕೆಂಡು ಆ ಎಣಿಕೆ ಬದಲಾಗದಿದ್ದರೆ ಪರದೆ ಸಂಖ್ಯೆಯನ್ನು ತೋರಿಸಕೂಡದು. ಆ ಜಾಗ ಬೂದಿಬಣ್ಣಕ್ಕೆ ತಿರುಗಿ ಅಡ್ಡಗೆರೆ ಬೀಳಬೇಕು, ಸೈರನ್ ಕೂಗಬೇಕು. ಮುಖ್ಯವಾದ ಮಾತೆಂದರೆ, ಈ ನಾಡಿ ಹುಟ್ಟಬೇಕಾದದ್ದು ಕಂಟ್ರೋಲರಿನಲ್ಲಿ. ಗೇಟ್‌ವೇಯೊಳಗೆ ಹುಟ್ಟಿದರೆ ಅದು ಗೇಟ್‌ವೇಯ ಆರೋಗ್ಯವನ್ನಷ್ಟೇ ಹೇಳುತ್ತದೆ.

ಮಾತು ನಿಂತದ್ದು ತಿಳಿದರೆ ಅರ್ಧ ಕೆಲಸವಾಯಿತು. ಆಗ ಯಂತ್ರ ಏನು ಮಾಡಬೇಕು ಎಂಬುದು ಉಳಿದ ಅರ್ಧ. ಎಲ್ಲವನ್ನೂ ನಿಲ್ಲಿಸಿಬಿಡು ಎಂಬ ಒಂದೇ ಉತ್ತರ ಇಲ್ಲಿ ನಡೆಯುವುದಿಲ್ಲ. ಬೀಜ ಒಣಗಿಸುವ ಡ್ರೈಯರಿನಲ್ಲಿ ಬಿಸಿಯ ಅಳತೆ ಬಾರದೇ ಹೋದರೆ ಬರ್ನರ್ ಆರಬೇಕು, ಗಾಳಿಯ ಫ್ಯಾನ್ ಮಾತ್ರ ಓಡುತ್ತಿರಬೇಕು. ಅದೂ ನಿಂತರೆ ಒಳಗುಳಿದ ಬಿಸಿ ಬೀಜವನ್ನು ಬೇಯಿಸುತ್ತದೆ. ಚೇಂಬರಿನ ಕಂಟ್ರೋಲರ್ ಕಂಟ್ರೋಲ್ ರೂಮಿನ ಮಾತು ಕೇಳಿಸದಿದ್ದರೂ ತನ್ನ ಪಾಡಿಗೆ ತಂಪು ಮಾಡುತ್ತಲೇ ಇರಬೇಕು. ಹೊಳೆಯ ದಂಡೆಯ ಪಂಪಿಗೆ ಟ್ಯಾಂಕಿನ ಸುದ್ದಿ ಬಾರದಿದ್ದರೆ ಗೊತ್ತುಮಾಡಿದ ಹೊತ್ತಿನ ನಂತರ ನಿಲ್ಲಬೇಕು, ಇಲ್ಲದಿದ್ದರೆ ಟ್ಯಾಂಕ್ ತುಂಬಿ ಬೀದಿಗೆ ಹರಿಯುತ್ತದೆ. ಅಮೋನಿಯಾ ಬಳಸುವ ಶೈತ್ಯಾಗಾರದಲ್ಲಂತೂ ಅನಿಲ ಸೋರಿದ್ದನ್ನು ಕಂಡ ಸೆನ್ಸರಿನಿಂದ ಸೈರನ್ನಿಗೂ ಹೊರದಬ್ಬುವ ಫ್ಯಾನಿಗೂ ನೇರ ತಂತಿ ಹೋಗಬೇಕು. ಅಲ್ಲಿ ಯಾವ ಜಾಲದ ಪಾಳಿಗೂ ಕಾಯುವಂತಿಲ್ಲ. ಜೀವ ಉಳಿಸುವ ಕೆಲಸವನ್ನು ಪಕ್ಕದಲ್ಲಿರುವವನೇ ಮಾಡಬೇಕು. ಸುದ್ದಿ ಆಮೇಲೆ ಜಾಲದಲ್ಲಿ ಹೋಗಲಿ.

ಈ ಉತ್ತರಗಳನ್ನು ತಂತಿ ಎಳೆದ ಮೇಲೆ ಹುಡುಕುವುದಲ್ಲ. ಕಾಗದದ ಮೇಲೆ ಪ್ರತಿ ಸಾಧನದ ಹೆಸರು ಬರೆದು, ಅದರ ಮುಂದೆ ಮಾತು ನಿಂತರೆ ಏನು ಎಂಬ ಅಂಕಣ ತುಂಬಿದ ಮೇಲೆ ತಂತಿ ಎಳೆಯಬೇಕು.

ಇನ್ನೊಂದು ಸಂಗತಿ. ನಮ್ಮ ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ ವರದಾ ನದಿ ತುಂಗಭದ್ರೆಯನ್ನು ಕೂಡುತ್ತದೆ. ಕೂಡಿದ ಮೇಲೆ ಯಾವುದು ವರದೆಯ ನೀರು, ಯಾವುದು ತುಂಗಭದ್ರೆಯದು ಎಂದು ಬೇರ್ಪಡಿಸಲಾಗದು. ನದಿಗೆ ಅದು ಚೆಂದ. ಕಾರ್ಖಾನೆಯ ಜಾಲಗಳು ಹಾಗೆ ಕೂಡಬಾರದು. ಅವು ಕೂಡಬೇಕಾದದ್ದು ಕೆರೆ ಮತ್ತು ಕಾಲುವೆ ಕೂಡುವಂತೆ, ನಡುವೆ ಒಂದು ತೂಬು ಇಟ್ಟುಕೊಂಡು. ಬೇಕಾದಷ್ಟನ್ನೇ, ಬೇಕಾದ ಕಡೆಗೇ ಬಿಡಬೇಕು. ಚೇಂಬರಿನ ತಂಪು ಪರದೆಗೆ ಹೋಗಲಿ, ಪರದೆಯಿಂದ ಮಾಲೀಕರ ಮೊಬೈಲಿಗೂ ಹೋಗಲಿ. ಆದರೆ ಆ ಮೊಬೈಲಿನಿಂದ ಕಂಪ್ರೆಸರಿನವರೆಗೆ ಅಡೆತಡೆಯಿಲ್ಲದ ದಾರಿ ಯಾಕೆ ಬೇಕು? ಮಾಡ್‌ಬಸ್ ಹುಟ್ಟಿದ ಕಾಲದಲ್ಲಿ ತಂತಿಯ ಮೇಲೆ ಇದ್ದವರೆಲ್ಲ ಮನೆಯವರೇ. ಅದಕ್ಕೇ ಆ ಭಾಷೆಯಲ್ಲಿ ಪಾಸ್‌ವರ್ಡ್ ಇಲ್ಲ, ನೀನು ಯಾರು ಎಂದು ಅದು ಯಾರನ್ನೂ ಕೇಳುವುದಿಲ್ಲ. ಅಂಥದ್ದನ್ನು ನೇರವಾಗಿ ಇಂಟರ್‌ನೆಟ್ಟಿಗೆ ತೆರೆದಿಡುವುದು ಅಗಸೆಬಾಗಿಲು ತೆಗೆದು ಮಲಗಿದಂತೆ.

2010ರಲ್ಲಿ ಸ್ಟಕ್ಸ್‌ನೆಟ್ ಎಂಬ ದುಷ್ಟ ಪ್ರೋಗ್ರಾಂ ಬಯಲಾಯಿತು. ಇರಾನಿನ ನತಾಂಜ್‌ನಲ್ಲಿ ಯುರೇನಿಯಂ ಸಂಸ್ಕರಿಸುವ ಯಂತ್ರಗಳ ವೇಗವನ್ನು ಅದು ಕೆಡಿಸಿತು. ಕೆಡಿಸುತ್ತಿರುವಾಗ ಆಪರೇಟರುಗಳ ಪರದೆಗೆ ಮೊದಲೇ ದಾಖಲಿಸಿಕೊಂಡಿದ್ದ ಸರಿಯಾದ ಸಂಖ್ಯೆಗಳನ್ನು ಕಳಿಸುತ್ತಿತ್ತು. ಯಂತ್ರ ಹಾಳಾಗುತ್ತಿದ್ದರೂ ಪರದೆಯಲ್ಲಿ ಎಲ್ಲ ಕ್ಷೇಮ. ಅಲ್ಲಿ ಅದನ್ನು ವೈರಿಗಳು ಬೇಕೆಂದೇ ಮಾಡಿದರು. ಬ್ಯಾಡಗಿಯಲ್ಲಿ ಒಂದು ಸಡಿಲ ತಂತಿ ಮಾಡಿತು. ಕಂಟ್ರೋಲ್ ರೂಮಿನಲ್ಲಿ ಕೂತವರ ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ.

ಅದಕ್ಕೇ ನಾನು ಎಲ್ಲಕ್ಕಿಂತ ಹೆಚ್ಚು ನೆಚ್ಚಿಕೊಂಡಿರುವುದು ಚೇಂಬರಿನ ಉಸಿರು ಗೊತ್ತಿದ್ದ ಆ ಹಿರಿಯರಂಥವರನ್ನು. ಮಾಲೀಕರಲ್ಲಿ ನನ್ನ ಬಿನ್ನಹ ಇದು: ಪರದೆ ಬಂತೆಂದು ಪುಸ್ತಕ ಮುಚ್ಚಬೇಡಿ. ದಿನಕ್ಕೆ ಎರಡು ಸಲವಾದರೂ ಒಬ್ಬರು ಒಳಗೆ ಹೋಗಿ, ಥರ್ಮಾಮೀಟರ್ ನೋಡಿ, ಪರದೆಯ ಸಂಖ್ಯೆಯ ಪಕ್ಕದಲ್ಲಿ ಬರೆಯಲಿ. ತಿಂಗಳಿಗೊಮ್ಮೆ ಬೇಕೆಂದೇ ಒಂದು ತಂತಿ ಬಿಚ್ಚಿ, ಸೈರನ್ ಕೂಗುತ್ತದೆಯೇ ನೋಡಿ. ಕೂಗದ ಸೈರನ್ನಿನ ವಿಷಯ ಹಗಲು ಹೊತ್ತಿನಲ್ಲಿ, ಎಲ್ಲರೂ ಎದ್ದಿರುವಾಗ ಗೊತ್ತಾಗುವುದು ಒಳ್ಳೆಯದು.

ಐಟಿಐ, ಡಿಪ್ಲೊಮಾ ಮುಗಿಸಿ ಈ ಕೆಲಸಕ್ಕೆ ಬರುತ್ತಿರುವ ನಮ್ಮ ಹುಡುಗ ಹುಡುಗಿಯರಿಗೂ ಒಂದು ಮಾತು. ಯಾವ ಮನೆಯಲ್ಲಿ ಯಾವ ಅಳತೆ ಇದೆ, ಹತ್ತರಿಂದ ಭಾಗಿಸಬೇಕೋ ನೂರರಿಂದಲೋ, ಋಣಸಂಖ್ಯೆ ಬರುತ್ತದೆಯೋ, ಮಾತು ನಿಂತರೆ ಏನು ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆಯಿರಿ. ಅದನ್ನು ಪ್ಯಾನೆಲ್ಲಿನ ಬಾಗಿಲ ಒಳಮೈಗೆ ಅಂಟಿಸಿ. ರಾತ್ರಿ ಪಾಳಿಯಲ್ಲಿ ಆ ಬಾಗಿಲು ತೆಗೆಯುವವರು ನೀವಾಗಿರುವುದಿಲ್ಲ. ಅವರಿಗೆ ಓದಲು ಬರುವ ಭಾಷೆಯಲ್ಲಿ ಬರೆದಿದ್ದರೆ ಮಾತ್ರ ನಿಮ್ಮ ಕೆಲಸ ಮುಗಿದಂತೆ.

ಕೇಳುಗರೇ, 1950ರ ಜನವರಿ 8ರಂದು ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದಂದಿನಿಂದ ನಮ್ಮ ಸೀಮೆಯ ಮನೆಗಳಲ್ಲಿ ಒಂದು ರೂಢಿ ಬೆಳೆದಿದೆ. ಅಡುಗೆ ಮಾಡುತ್ತ, ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೇಳುತ್ತಿರುತ್ತೇವೆ. ಅರ್ಧ ಮಾತು ಕಿವಿಗೆ ಬೀಳುತ್ತದೆ, ಅರ್ಧ ಬೀಳುವುದಿಲ್ಲ. ಆದರೆ ರೇಡಿಯೋ ತಟಕ್ಕನೆ ಸುಮ್ಮನಾದರೆ ಎಲ್ಲಿದ್ದರೂ ತಲೆಯೆತ್ತಿ ನೋಡುತ್ತೇವೆ. ಸೆಲ್ ಹೋಯಿತೇ, ಕರೆಂಟ್ ಹೋಯಿತೇ ಎಂದು ಎದ್ದು ಹೋಗುತ್ತೇವೆ. ಆ ಮೌನ ನಮಗೆ ಕೇಳಿಸುತ್ತದೆ. ನಮ್ಮ ಕಾರ್ಖಾನೆಗಳ, ಶೈತ್ಯಾಗಾರಗಳ, ನೀರಿನ ಪಂಪುಗಳ ಜಾಲಗಳನ್ನೂ ಹಾಗೆಯೇ ಕಟ್ಟೋಣ. ಅವು ಸುಮ್ಮನಾದ ಗಳಿಗೆಯಲ್ಲೇ ಯಾರಾದರೂ ತಲೆಯೆತ್ತಿ ನೋಡುವಂತಾಗಲಿ.